ಬಸುರಿನ ಆರನೇ ತಿಂಗಳು: ಮನೆಯವರಿಗೆ ತಿಳಿದಿರಬೇಕಾದದ್ದು

24ರಿಂದ 27ನೇ ವಾರದಲ್ಲಿ ಮಗು ಹೊರಗಿನ ಶಬ್ದ ಕೇಳಿಸಿಕೊಳ್ಳುತ್ತದೆ, ಒದೆತ ಜೋರಾಗುತ್ತದೆ. ತಾಯಿಗೆ ಎದೆಯುರಿ, ಸೊಂಟನೋವು, ಕಾಲುಸೆಳೆತ ಸಾಮಾನ್ಯ.

28ನೇ ವಾರದೊಳಗೆ ಸಕ್ಕರೆ ಪರೀಕ್ಷೆ ಆಗಬೇಕು. 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಯ ನಂತರ 140 ಅಥವಾ ಹೆಚ್ಚು ಬಂದರೆ ಗರ್ಭಿಣಿ ಮಧುಮೇಹ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇದೆ; ತಾಯಿ ಕಾರ್ಡ್ ಒಯ್ಯಿರಿ.

ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ಮನೆಗಳಲ್ಲಿ ಬಸುರಿ ಬಹಳ ಹೊತ್ತು ಹಸಿದಿರುತ್ತಾಳೆ. ಉಪವಾಸದ ಮೊದಲು ವೈದ್ಯರನ್ನು ಕೇಳಿ.

ರಕ್ತಸ್ರಾವ, ನೀರು ಸೋರುವಿಕೆ, ತೀವ್ರ ತಲೆನೋವು, ಕಣ್ಣು ಮಂಜು, ಮುಖದ ಊತ, ಮಗುವಿನ ಚಲನೆ ಕಡಿಮೆ: ಇವುಗಳಲ್ಲಿ ಒಂದು ಕಂಡರೂ ಕುಬಸದ ಕೆಲಸ ಬದಿಗಿಟ್ಟು 108ಕ್ಕೆ ಕರೆ ಮಾಡಿ. ಚಿಮ್ಮನಚೋಡದಿಂದ ಮೊದಲು ಚಿಂಚೋಳಿ, ಅಲ್ಲಿಂದ ಕಲಬುರಗಿ; ದಾರಿಯ ಹೊತ್ತು ಲೆಕ್ಕದಲ್ಲಿರಲಿ.