ಉಪಯೋಗದಿಂದ ಉಳಿವಿನ ಕಡೆಗೆ: ಲಾಲ್‌ಬಾಗ್ ಸಸ್ಯತೋಟದ ಚರಿತ್ರೆ

ವಿಹಾರಕ್ಕಾಗಿ ಬೆಳೆಸಿದ ಉದ್ಯಾನವನ್ನೂ ಸಸ್ಯತೋಟವನ್ನೂ ಬೇರ್ಪಡಿಸುವುದು ಹೂಗಳ ಚೆಲುವಲ್ಲ, ದಾಖಲೆ. ನೆಲದಲ್ಲಿರುವ ಪ್ರತಿಯೊಂದು ಗಿಡದ ಶಾಸ್ತ್ರೀಯ ಹೆಸರೇನು, ಅದು ಯಾವ ಸೀಮೆಯಿಂದ ಬಂತು, ಯಾವಾಗ ನೆಡಲಾಯಿತು ಎಂಬುದನ್ನು ಬರೆದಿಟ್ಟು, ಅದನ್ನು ಓದುವವರಿಗೂ ಸಂಶೋಧಿಸುವವರಿಗೂ ಒದಗಿಸುವ ತೋಟವೇ ಸಸ್ಯತೋಟ. 1545ರಲ್ಲಿ ಇಟಲಿಯ ಪಾದುವಾ ವಿಶ್ವವಿದ್ಯಾಲಯ ತನ್ನ ವೈದ್ಯ ವಿದ್ಯಾರ್ಥಿಗಳಿಗೆ ಮೂಲಿಕೆಗಳನ್ನು ಪರಿಚಯಿಸಲು ಇಂಥ ತೋಟವೊಂದನ್ನು ಆರಂಭಿಸಿತು. ಇನ್ನೂರು ವರ್ಷಗಳ ತರುವಾಯ ಲಂಡನ್ನಿನ ಕ್ಯೂ ತೋಟ, 1787ರಲ್ಲಿ ಕಲ್ಕತ್ತೆಯ ಬಳಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯ ತೋಟ ಮುಂತಾದವು ಪಾಠಕ್ಕಿಂತ ಹೆಚ್ಚಾಗಿ ವ್ಯಾಪಾರದ ಬೆಳೆಗಳತ್ತ ತಿರುಗಿದವು. ಬೆಂಗಳೂರಿನ ಲಾಲ್‌ಬಾಗ್ ಅರಸರ ತೋಟವಾಗಿ ಹುಟ್ಟಿ, ಕಂಪನಿಯ ಪ್ರಯೋಗಶಾಲೆಯಾಗಿ, ಸಂಸ್ಥಾನದ ತೋಟಗಾರಿಕೆಯ ಪಾಠಶಾಲೆಯಾಗಿ ಬೆಳೆದದ್ದರಿಂದ, ಈ ಬದಲಾವಣೆಗಳೆಲ್ಲ ಅದರ ಒಂದೇ ನೆಲದಲ್ಲಿ ಕಾಣಸಿಗುತ್ತವೆ.

1760ರ ಸುಮಾರಿಗೆ ಹೈದರಾಲಿ ಕೋಟೆಯಿಂದ ತುಸು ದೂರದಲ್ಲಿ, ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯ ಆಸುಪಾಸಿನಲ್ಲಿ, ಸಿರಾದ ಮೊಗಲ್ ಮಾದರಿಯ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮಾರು 40 ಎಕರೆಯಲ್ಲಿ ಈ ತೋಟವನ್ನು ಆರಂಭಿಸಿದನು. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾ, ಕಾಬೂಲ್, ತುರ್ಕಿ ಮೊದಲಾದ ಕಡೆಗಳಿಂದ ಬೀಜಗಳೂ ಸಸಿಗಳೂ ಬಂದವು. ಅವನು ಫ್ರಾನ್ಸಿನ ದೊರೆಯ ಬಳಿಗೆ ಕಳುಹಿಸಿದ ರಾಯಭಾರದ ಬೇಡಿಕೆಗಳಲ್ಲಿಯೂ ಕುಶಲಕರ್ಮಿಗಳ ಜೊತೆಗೆ ಗಿಡಬೀಜಗಳು ಸೇರಿದ್ದವು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಈ ಅರಸರ ತೋಟಗಳನ್ನು ಕಂಡು ಬರೆದ ವಿವರ ಬೆಲೆಯುಳ್ಳದ್ದು. ಚೌಕಾಕಾರದ ಮಡಿಗಳ ನಡುವೆ ಕಾಲುದಾರಿ, ದಾರಿಯ ಇಕ್ಕೆಲದಲ್ಲಿ ಸೈಪ್ರೆಸ್ ಮರಗಳ ಸಾಲು, ಒಂದು ಮಡಿಯ ತುಂಬ ಗುಲಾಬಿಯಾದರೆ ಇನ್ನೊಂದರ ತುಂಬ ದಾಳಿಂಬೆ ಎಂಬಂತೆ ಒಂದೊಂದು ಜಾತಿಗೆ ಒಂದೊಂದು ಪಾತಿಯನ್ನು ಮೀಸಲಿಡುವ ಕ್ರಮ ಅವನ ಗಮನ ಸೆಳೆದಿತ್ತು. ಜಾತಿವಾರು ವಿಂಗಡಿಸುವ ಈ ಪದ್ಧತಿ ಶಾಸ್ತ್ರದ ಉದ್ದೇಶದಿಂದ ಹುಟ್ಟಿದ್ದಲ್ಲವಾದರೂ, ಮುಂದೆ ಬಂದ ಸಸ್ಯವಿಜ್ಞಾನಿಗಳಿಗೆ ಸಿದ್ಧ ನೆಲವನ್ನು ಒದಗಿಸಿತೆಂದು ಹೇಳಬಹುದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತೋಟದ ಹೊಣೆ ಮದರಾಸಿನ ಕಂಪನಿ ಸರ್ಕಾರದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್‌ನಿಗೆ ಬಂತು. ಅವನಿಗೆ ಕೊಟ್ಟ ಸರ್ಕಾರಿ ನಿರ್ದೇಶನದ ತಿರುಳು ಇಷ್ಟು: ಅಪರೂಪವೆಂದೋ ಸುಂದರವೆಂದೋ ಮಾತ್ರ ಮೆಚ್ಚುಗೆ ಪಡೆಯುವ ಗಿಡಗಳಿಗಿಂತ ಉಪಯುಕ್ತ ಗಿಡಗಳಿಗೆ ನಿಸ್ಸಂದೇಹವಾಗಿ ಮೇಲಿನ ಸ್ಥಾನ ಸಲ್ಲಬೇಕು; ಕೈಗಾರಿಕೆಗೆ ಒದಗುವವು, ನಾಟಾ ಕೊಡುವ ಮರಗಳು, ಔಷಧಿಯ ಸಸ್ಯಗಳು ಮೊದಲು ಸಂಗ್ರಹವಾಗಬೇಕು. ಲಾಲ್‌ಬಾಗಿನ ಮುಂದಿನ ನೂರೈವತ್ತು ವರ್ಷಗಳನ್ನು ಅರಿಯಲು ಈ ಒಂದು ಆದೇಶ ಸಾಕು. ಹೈನ್‌ನ ಬಳಿಕ ತೋಟವನ್ನು ನೋಡಿಕೊಂಡ ಮೇಜರ್ ಗಿಲ್ಬರ್ಟ್ ವಾ 1819ರಲ್ಲಿ ಅದನ್ನು ಗವರ್ನರ್ ಜನರಲ್‌ಗೆ ಒಪ್ಪಿಸಿದನು. ಕೆಲಕಾಲ ಅದು ಕಲ್ಕತ್ತೆಯ ತೋಟದ ಮುಖ್ಯಸ್ಥ ನಥಾನಿಯಲ್ ವಾಲಿಕ್‌ನ ಅಧೀನದಲ್ಲಿದ್ದು, 1831ರಲ್ಲಿ ಮೈಸೂರಿನ ಆಡಳಿತ ಕಮಿಷನರುಗಳ ಕೈಗೆ ಹೋದಾಗ ಇತ್ತ ಮರಳಿತು. 1836ರಲ್ಲಿ ಹುಟ್ಟಿದ ಕೃಷಿ ಮತ್ತು ತೋಟಗಾರಿಕೆ ಸಂಘ ಕೆಲವು ವರ್ಷ ಅದನ್ನು ನಡೆಸಿ ಕೈಬಿಟ್ಟ ಮೇಲೆ, ಸಸ್ಯಶಾಸ್ತ್ರಜ್ಞ ಹ್ಯೂ ಕ್ಲೆಗಾರ್ನ್‌ನ ಸಲಹೆಯಂತೆ 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವೆಂಬ ಅಧಿಕೃತ ಸ್ಥಾನ ಪಡೆಯಿತು.

ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ನ್ಯೂ 1858ರಲ್ಲಿ ಬಂದದ್ದರಿಂದ ತೋಟದ ಸ್ವರೂಪ ಬದಲಾಯಿತು. ಅವನು 1861ರಲ್ಲಿ ಇಲ್ಲಿನ ಗಿಡಗಳ ಪಟ್ಟಿಯನ್ನು ಅಚ್ಚು ಹಾಕಿಸಿದನು. ಸಮುದ್ರದಾಚೆಯಿಂದ ಗಿಡಗಳು ಜೀವಂತವಾಗಿ ಬರಲು ಆ ಕಾಲದಲ್ಲಿ ನೆರವಾದದ್ದು ವಾರ್ಡ್ ಪೆಟ್ಟಿಗೆ: ಗಾಜಿನ ಮುಚ್ಚಳವನ್ನು ಬಿಗಿಯಾಗಿ ಹೊಂದಿಸಿದ ಮರದ ಪೆಟ್ಟಿಗೆಯೊಳಗೆ ಮಣ್ಣು ತುಂಬಿ ಸಸಿಗಳನ್ನು ನೆಟ್ಟರೆ, ಒಳಗಿನ ತೇವವೇ ಆವಿಯಾಗಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗಿಳಿಯುತ್ತಿದ್ದುದರಿಂದ, ತಿಂಗಳುಗಟ್ಟಲೆಯ ಹಡಗಿನ ಪಯಣದಲ್ಲಿ ಉಪ್ಪುಗಾಳಿ ಸೋಕದೆ, ನೀರುಣಿಸುವವರಿಲ್ಲದೆ ಗಿಡಗಳು ಬದುಕಿರುತ್ತಿದ್ದವು.

1874ರಿಂದ 1908ರವರೆಗೆ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನ್‌ನ ಕಾಲದಲ್ಲಿ ತೋಟ ವಿಸ್ತಾರದಲ್ಲಿಯೂ ಸಂಗ್ರಹದಲ್ಲಿಯೂ ಬಹಳ ಬೆಳೆಯಿತು. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ ಗಾಜಿನ ಮನೆ ಎಲ್ಲರಿಗೂ ಪರಿಚಿತವಾದುದು. ಅದಕ್ಕಿಂತ ಆಳಕ್ಕೆ ಹೋದದ್ದು ಹೊರಸೀಮೆಯ ಕಾಯಿಪಲ್ಲೆಗಳನ್ನು ಇಲ್ಲಿನ ಹವೆಗೆ ಒಗ್ಗಿಸಿ ರೈತರ ಕೈಗೆ ದಾಟಿಸಿದ ಕೆಲಸ. ಸೀಮೆ ಬದನೆಕಾಯಿ ಇದಕ್ಕೆ ಒಳ್ಳೆಯ ನಿದರ್ಶನ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಈ ಬಳ್ಳಿಯ ಕಾಯಿಯೊಳಗೆ ಇರುವುದು ಒಂದೇ ಬೀಜ. ಅದನ್ನು ಬಿಡಿಸಿ ಒಣಗಿಸಿಡಲು ಬಾರದು. ಕಾಯಿಯನ್ನೇ ಇಡಿಯಾಗಿ ಮಣ್ಣಿಗೆ ಊರಿ, ಮೊಳೆತ ಕುಡಿಯನ್ನು ಚಪ್ಪರಕ್ಕೆ ಹಬ್ಬಿಸಬೇಕು. ಕ್ಯಾಮೆರಾನ್ ಬೆಳೆಸಿ ಹಂಚಿದ ಈ ಕಾಯಿ ಬೆಂಗಳೂರಿನ ಸುತ್ತಲಿನ ತೋಟಗಳಲ್ಲಿ ಎಷ್ಟು ನೆಲೆಯೂರಿತೆಂದರೆ, ತಮಿಳು ಸೀಮೆಯಲ್ಲಿ ಅದನ್ನು ಈಗಲೂ ಬೆಂಗಳೂರಿನ ಹೆಸರು ಸೇರಿಸಿಯೇ ಕರೆಯುತ್ತಾರೆ.

ಬೋಧನೆಯ ವಿಷಯದಲ್ಲಿ ಲಾಲ್‌ಬಾಗಿನ ಸಾಧನೆ ಸಂರಕ್ಷಣೆಗಿಂತ ಹಳೆಯದು, ಹೆಚ್ಚು ನಿಶ್ಚಿತವಾದುದು. 1908ರಿಂದ 1932ರವರೆಗೆ ಮುಖ್ಯಸ್ಥರಾಗಿದ್ದ ಜರ್ಮನಿಯ ಗುಸ್ತಾವ್ ಕ್ರುಂಬಿಗಲ್ ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆಯ್ದು, ತೋಟದ ಪಾಠವನ್ನು ಊರಿನ ರಸ್ತೆಗಳಿಗೆ ಒಯ್ದರು. ಅವರ ಕೈಕೆಳಗೆ ಪಳಗಿದ ಎಚ್.ಸಿ. ಜವರಾಯರು, ಆಮೇಲೆ ಡಾ. ಎಂ.ಎಚ್. ಮರಿಗೌಡರು ಅದೇ ಪರಂಪರೆಯನ್ನು ಮುಂದುವರಿಸಿದರು. ಹಾರ್ವರ್ಡ್‌ನಲ್ಲಿ ಓದಿ ಬಂದ ಮರಿಗೌಡರ ಕಾಲದಲ್ಲಿ, 1963ರಲ್ಲಿ, ತೋಟಗಾರಿಕೆ ಪ್ರತ್ಯೇಕ ಇಲಾಖೆಯಾಗಿ, ಜಿಲ್ಲೆ ತಾಲ್ಲೂಕುಗಳಲ್ಲಿ ಸಸ್ಯಕ್ಷೇತ್ರಗಳೂ ನರ್ಸರಿಗಳೂ ತಲೆಯೆತ್ತಿದವು. ರೈತರ ಮಕ್ಕಳು ಹತ್ತು ತಿಂಗಳು ತೋಟದಲ್ಲಿದ್ದು ಕಸಿ ಕಟ್ಟುವುದು, ಪಾತಿ ಮಾಡುವುದು, ಸವರುವುದು ಮುಂತಾದವನ್ನು ಕೈಯಾರೆ ಕಲಿಯುವ ತರಬೇತಿ ಇಲಾಖೆಯ ಅತ್ಯಂತ ಸಾರ್ಥಕ ಕೆಲಸಗಳಲ್ಲೊಂದು. ಇಂಥ ಕಲಿಕೆಯ ಹಿಂದೆ ತಲೆಮಾರುಗಳಿಂದ ಹೂವು ತರಕಾರಿ ಬೆಳೆಯುತ್ತ ಬಂದ ತಿಗಳರಂಥ ತೋಟಗಾರ ಸಮುದಾಯಗಳ ಅನುಭವವೂ ಇತ್ತೆಂಬುದನ್ನು, ದೊಡ್ಡ ಹೆಸರುಗಳನ್ನಷ್ಟೇ ಎಣಿಸುವ ಬರಹಗಳು ಮರೆಯುತ್ತವೆ.

ಹೊರಗಿನ ಗಿಡಗಳನ್ನು ತಂದು ನೆಲೆಗೊಳಿಸುವ ಈ ಇಡೀ ಉದ್ಯಮಕ್ಕೆ ನಾಡು ತೆತ್ತ ಬೆಲೆಯೂ ಉಂಟು. ಅಂದದ ಹೂಗಿಡವೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ತೋಟಕ್ಕೆ ಬಂದ ಲಂಟಾನ ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಾಡುಗಳ ನೆಲವನ್ನು ಮುಚ್ಚಿ, ಹುಲ್ಲನ್ನೂ ಎಳೆಯ ಸಸಿಗಳನ್ನೂ ಮೇಲೇಳಗೊಡದೆ ನಿಂತಿದೆ. ಕಾಡಿನ ಈ ಬದಲಾವಣೆಯನ್ನು ಹತ್ತಿರದಿಂದ ಕಂಡು ಅನುಭವಿಸಿದವರು ಅಲ್ಲಿಯೇ ಬದುಕುವ ಸೋಲಿಗರು. ಸಸ್ಯತೋಟಗಳ ಚರಿತ್ರೆಯನ್ನು ಬರೆಯುವಾಗ ಸೀಮೆ ಬದನೆಯ ಪಕ್ಕದಲ್ಲಿಯೇ ಲಂಟಾನವನ್ನೂ ನಮೂದಿಸುವುದು ನ್ಯಾಯ.

ಸಂರಕ್ಷಣೆಯೆಂಬ ಗುರಿ ಸಸ್ಯತೋಟಗಳಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಜೀವವೈವಿಧ್ಯ ಒಡಂಬಡಿಕೆಯಡಿ 2002ರಲ್ಲಿ ರೂಪುಗೊಂಡ ಜಾಗತಿಕ ಸಸ್ಯ ಸಂರಕ್ಷಣಾ ಕಾರ್ಯತಂತ್ರ, ಅಪಾಯದಲ್ಲಿರುವ ಸಸ್ಯಗಳಲ್ಲಿ ಶೇ. 60ರಷ್ಟನ್ನು 2010ರೊಳಗೆ ಸ್ವಸ್ಥಾನದ ಹೊರಗಿನ ಸಂಗ್ರಹಗಳಲ್ಲಿ ಬೆಳೆಸಿಡಬೇಕೆಂಬ ಗುರಿಯಿಟ್ಟಿತು. ಗಿಡವನ್ನು ಅದು ಹುಟ್ಟಿದ ಕಾಡಿನಲ್ಲಿಯೇ ಕಾಯುವುದು ಸ್ವಸ್ಥಾನ ಸಂರಕ್ಷಣೆ. ಕಾಡಿನಲ್ಲಿ ಅಳಿದರೂ ತಳಿ ಉಳಿಯಲೆಂದು ತೋಟದಲ್ಲಿಯೋ ಬೀಜಭಂಡಾರದಲ್ಲಿಯೋ ಇಡುವುದು ಪರಸ್ಥಾನ ಸಂರಕ್ಷಣೆ. ಎರಡನೆಯದು ಮೊದಲನೆಯದರ ಬದಲಿಯಲ್ಲ, ಅದಕ್ಕೆ ಒತ್ತಾಸೆ ಮಾತ್ರ. ಆದರೆ ಅದನ್ನು ಬಿಟ್ಟರೆ ಗತಿಯಿಲ್ಲದ ಗಿಡಗಳೂ ಇವೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗು ಕಾಡಿನಿಂದ 2000ದಲ್ಲಿ ಶಾಸ್ತ್ರಲೋಕಕ್ಕೆ ಪರಿಚಯವಾದ, ಆ ಊರಿನ ಹೆಸರನ್ನೇ ಹೊತ್ತ, ಗೇರಿನ ಕುಟುಂಬದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ಕೆಲವೇ ಜೌಗುಗಳಲ್ಲಿ ಉಳಿದಿದೆ. ಇಂಥ ಜೌಗುಗಳಲ್ಲಿ ಬೆಳೆಯುವ ಕಾಡುಜಾಯಿ ಕುಲದ ಮರಗಳ ಬೀಜ ಒಣಗಿದರೆ ಸಾಯುತ್ತದೆ. ಆದ್ದರಿಂದ ಅದನ್ನು ಧಾನ್ಯದ ಬೀಜದಂತೆ ಒಣಗಿಸಿ ತಣ್ಣನೆಯ ಕೋಣೆಯಲ್ಲಿ ಕೂಡಿಡಲಾಗದು. ಅವುಗಳ ತಳಿ ಉಳಿಯಬೇಕಾದರೆ ಜೀವಂತ ಮರವಾಗಿಯೇ ಉಳಿಯಬೇಕು.

ಇಲ್ಲಿ ಲಾಲ್‌ಬಾಗಿನ ಮಿತಿ ಸ್ಪಷ್ಟವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲುಸೀಮೆಯಲ್ಲಿರುವ 240 ಎಕರೆಯ ಈ ತೋಟ ಎಷ್ಟೇ ಶ್ರಮವಹಿಸಿದರೂ ಘಟ್ಟದ ಜೌಗನ್ನು ಮರುಸೃಷ್ಟಿಸಲಾರದು. 1979ರಲ್ಲಿ ಸ್ಥಾಪನೆಯಾಗಿ ತಿರುವನಂತಪುರದ ಬಳಿಯ ಪಾಲೋಡಿನಲ್ಲಿ ನಡೆದಿರುವ ಸಸ್ಯತೋಟವೂ, ವಯನಾಡಿನ ಗುರುಕುಲ ಸಸ್ಯಧಾಮವೂ ಮಳೆಕಾಡಿನ ಮಗ್ಗುಲಲ್ಲಿಯೇ ನಿಂತು, ಘಟ್ಟದ ಗಿಡಗಳನ್ನು ಅವುಗಳ ಹವೆಯಲ್ಲಿಯೇ ಪೋಷಿಸುತ್ತಿರುವುದು ಈ ಕಾರಣದಿಂದಲೇ ಮೆಚ್ಚತಕ್ಕದ್ದು. ಪಶ್ಚಿಮ ಘಟ್ಟದ ಉದ್ದನೆಯ ಭಾಗವನ್ನು ಪಡೆದಿರುವ ಕರ್ನಾಟಕವೂ ಮಲೆನಾಡಿನಲ್ಲಿ ಅಂಥ ತೋಟಗಳಿಗೆ ನೆಲ, ಹಣ, ನುರಿತ ಕೈಗಳನ್ನು ಒದಗಿಸಬೇಕು. ಲಾಲ್‌ಬಾಗ್ ಅವುಗಳಿಗೆ ಕೆಲಸಗಾರರನ್ನು ತಯಾರು ಮಾಡುವ ಪಾಠಶಾಲೆಯಾಗಬಲ್ಲದು. ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ, ಲಕ್ಷಗಟ್ಟಲೆ ಜನರನ್ನು ಸೆಳೆಯುವ ಫಲಪುಷ್ಪ ಪ್ರದರ್ಶನದಲ್ಲಿ ನಾಡಿನ ಅಳಿವಿನಂಚಿನ ಗಿಡಗಳಿಗೂ ಕನ್ನಡದಲ್ಲಿ ವಿವರ ಬರೆದ ಒಂದು ಅಂಕಣವನ್ನು ಕಾಯಂ ಮೀಸಲಿಡುವುದು ಹೆಚ್ಚು ಖರ್ಚಿನ ಕೆಲಸವಲ್ಲ, ಅದು ಮುಂದಿನ ಪ್ರದರ್ಶನದಿಂದಲೇ ಆರಂಭವಾಗಬಹುದು.