ಪಟ್ಟಾಳದ ಪದ, ವರ್ಗದ ಕಾಗದ

ಪಟ್ಟಾಳ ಹೇಳಿರೆ ನವಗೆ ನೆಂಪಪ್ಪದು ಬೆಡಿ, ಬೂಟು, ಪರೇಡು. ಪದ ಹೇಳುವವು ನೆಂಪಿಂಗೆ ಬತ್ತವಿಲ್ಲೆ. ಎನಗೆ ಹಳೇ ಇಂಗ್ಲಿಷ್ ಪದಂಗಳ ಕೇಳ್ತ ಮರ್ಲು ರಜಾ ಇದ್ದ ಕಾರಣ ‘ಡೆಲ್ ವೈಕಿಂಗ್ಸ್’ ಹೇಳ್ತ ಗುಂಪಿನ ಕತೆ ಸಿಕ್ಕಿತ್ತು. ನಿಂಗೊಗೂ ಹೇಳ್ತೆ.

1955ರಲ್ಲಿ ಅಮೇರಿಕಾದ ಪಿಟ್ಸ್‌ಬರ್ಗಿಲ್ಲಿ ವಾಯುಸೇನೆಲಿ ಇತ್ತಿದ್ದ ಐದು ಜೆನ ಕಪ್ಪು ಜವ್ವನಿಗರು ಕಟ್ಟಿದ ಗುಂಪು ಅದು. ಅವರದ್ದು ಡೂ-ವಾಪ್ ಹೇಳ್ತ ನಮುನೆಯ ಸಂಗೀತ. ಒಬ್ಬ ಪದ ಹೇಳುವಗ ಒಳುದವು ಬಾಯಿಲೇ ತಾಳ-ಶ್ರುತಿ ಎಲ್ಲ ಕೊಡ್ತವು. ವಾದ್ಯ ರಜ ಸಾಕು, ಜೆನ ಮಾಂತ್ರ ಬೇಕೇ ಬೇಕು.

ಬಂಙ ಬಂದದು ಅಲ್ಲಿಯೇ. ಪಟ್ಟಾಳದವು ಒಂದೇ ದಿಕ್ಕೆ ನಿಂಬಲೆಡಿಗೋ? ಇಬ್ರಿಂಗೆ ಜರ್ಮನಿಗೆ ವರ್ಗ ಆತು. ಅವರ ಜಾಗೆಗೆ ನಾರ್ಮನ್ ರೈಟ್, ಡೇವ್ ಲರ್ಚಿ ಬಂದವು. ಲರ್ಚಿ ಬೆಳಿ ಜೆನ. ಮತ್ತೆ ಇನ್ನೊಬ್ಬ ಜರ್ಮನಿಗೆ ಹೋದ. ಬದಲಿಂಗೆ ಗಸ್ ಬ್ಯಾಕಸ್ ಬಂದ, ಅವನೂ ಬೆಳಿ ಜೆನವೇ. ಆ ದೇಶದ ತೆಂಕ ಹೊಡೆಲಿ ಬಸ್ಸಿಲ್ಲಿಯೂ ಕಪ್ಪು ಜೆನಂಗೊಕ್ಕೆ ಬೇರೆ ಸೀಟು ಇದ್ದ ಕಾಲ ಅದು! ಸೇನೆಲಿ ಆ ಭೇದ ಬೇಡ ಹೇಳಿ ಅಧ್ಯಕ್ಷ ಟ್ರೂಮನ್ 1948ರಲ್ಲೇ ಆಜ್ಞೆ ಮಾಡಿತ್ತಿದ್ದ. ಹಾಂಗಾಗಿ ಎರಡು ಬಣ್ಣದವು ಒಟ್ಟಿಂಗೆ ನಿಂದು ಪದ ಹೇಳುಲೆ ಎಡಿಗಾತು.

ಗುಂಪಿನ ಕ್ಲಾರೆನ್ಸ್ ಕ್ವಿಕ್ ಬರದ ‘ಕಮ್ ಗೋ ವಿತ್ ಮಿ’ 1957ರಲ್ಲಿ ಬಿಲ್‌ಬೋರ್ಡ್ ಪಟ್ಟಿಲಿ 4ನೇ ಜಾಗೆಗೆ ಬಂತು. ಅದೇ ಒರಿಶ ಜುಲೈ 6ಕ್ಕೆ ಇಂಗ್ಲೆಂಡಿನ ಲಿವರ್‌ಪೂಲಿಲ್ಲಿ, ಒಂದು ಇಗರ್ಜಿಯ ಜಾತ್ರೆಲಿ ಜಾನ್ ಲೆನನ್ ಇದೇ ಪದವ ಹೇಳಿಗೊಂಡಿತ್ತಿದ್ದ. ಪೌಲ್ ಮೆಕಾರ್ಟ್ನಿ ಅವನ ಸುರೂವಿಂಗೆ ಕಂಡದು ಅಂಬಗಳೇ. ಸಾಹಿತ್ಯ ಗೊಂತಿಲ್ಲದ್ದಲ್ಲಿ ಲೆನನ್ ಬಾಯಿಗೆ ಬಂದದರ ಸೇರ್ಸಿದ್ದಡ!

ಹೆಸರು ಬಂದಪ್ಪಗ ಮರ್ಕ್ಯುರಿ ಕಂಪೆನಿ ಇವರ ಕರದತ್ತು. ಸುರುವಾಣ ಒಪ್ಪಂದಕ್ಕೆ ದಸ್ಕತ್ತು ಹಾಕುವಗ ಹೆಚ್ಚಿನವಕ್ಕೆ 21 ತುಂಬಿತ್ತಿಲ್ಲೆ. ಹಾಂಗಾಗಿ ಅವಕ್ಕೆ ಬಿಟ್ಟು ಹೋಪಲಾತು. ಪ್ರಾಯ ಆಗಿತ್ತಿದ್ದ ಕ್ರಿಪ್ ಜಾನ್ಸನ್ ಮಾಂತ್ರ ಹಳೇ ಒಪ್ಪಂದಲ್ಲೇ ಬಾಕಿ. ಒಂದೇ ಹೆಸರಿಲ್ಲಿ ಎರಡು ಗುಂಪು ಆತು. ಅದೇ ಒರಿಶ ಎರಡರ ಪದಂಗಳೂ ಪಟ್ಟಿಲಿ ಎದುರೆದುರು: ಜಾನ್ಸನ್ ಹೇಳಿದ ‘ವಿಸ್ಪರಿಂಗ್ ಬೆಲ್ಸ್’ 9ನೇದು, ಬಿಟ್ಟು ಹೋದವರ ‘ಕೂಲ್ ಶೇಕ್’ 12ನೇದು. ಮತ್ತೆ ಅಷ್ಟು ದೊಡ್ಡ ಗೆಲುವು ಆ ಹೆಸರಿಂಗೆ ಸಿಕ್ಕಿದ್ದಿಲ್ಲೆ. ಬ್ಯಾಕಸಂಗೂ ಜರ್ಮನಿಗೆ ವರ್ಗ ಆತು. ಅವ ಅಲ್ಲಿಯೇ ಜರ್ಮನ್ ಪದಂಗಳ ಹೇಳಿ ಹೆಸರು ಮಾಡಿದ.

ಎನಗೆ ಕಾಂಬದು ಇಷ್ಟೇ: ವರ್ಗದ ಕಾಗದ ಮೂರು ಜೆನರ ಕೊಂಡೋದರೂ ಗುಂಪು ಒಳುದತ್ತು, ಬೇರೆ ಬಣ್ಣದವಕ್ಕೆ ಬಾಗಿಲೂ ತೆಗದತ್ತು. ಮುರುದ್ದು ಪೈಸೆಯ ಕಾಗದಂದ. ಪಾಲಾದ ಮನೆಗಳ ಕಂಡವಕ್ಕೆ ಇದು ಹೊಸ ಶುದ್ದಿ ಅಲ್ಲನ್ನೆ?