ದೋಣಿ ಹೋದ ದಾರಿಯಲ್ಲೇ ಸ್ಲೆಡ್ಡು

ಉತ್ತರ ಮಿನೆಸೋಟದಲ್ಲಿ ಜನವರಿ ಬಂತೆಂದರೆ ಭೂಪಟವೇ ಬೇರೆ. ಬೇಸಿಗೆಯಲ್ಲಿ ಸುತ್ತಿ ಬಳಸಿ ತಲುಪಬೇಕಾದ ದಡ ಕೆರೆ ಹೆಪ್ಪುಗಟ್ಟಿದ ಮೇಲೆ ನೇರ ಎದುರಿಗಿರುತ್ತದೆ. ನಾನು ಸಾಗರದ ಕಡೆಯವಳು. ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾದು ನಿಂತು ಬೆಳೆದವಳಿಗೆ ನೀರಿನ ಮೇಲೆ ಪಿಕಪ್ ಟ್ರಕ್ ಹೋಗುವುದನ್ನು ನೋಡಿ ಅರಗಿಸಿಕೊಳ್ಳಲು ಸಮಯ ಹಿಡಿಯಿತು. ಈಗ ಡುಲುತ್‌ನ ಗ್ರಂಥಾಲಯವೊಂದರಲ್ಲಿ ಸರ್ಕಾರಿ ದಾಖಲೆಗಳನ್ನು ನೋಡಿಕೊಳ್ಳುತ್ತೇನೆ. ರಾಷ್ಟ್ರೀಯ ಉದ್ಯಾನದ ಕೆರೆಯ ಮೇಲೆ ನನ್ನ ಗಾಡಿ ಓಡಿಸಬಹುದೇ ಎಂದು ಚಳಿಗಾಲದಲ್ಲಿ ಯಾರಾದರೂ ಕೇಳಿಕೊಂಡು ಬರುತ್ತಾರೆ. ಹೌದು, ಇಲ್ಲ ಎಂದು ಹೇಳಿ ಕಳಿಸಬಹುದು. ಆದರೆ ಆ ಹೌದು, ಇಲ್ಲಗಳ ಹಿಂದೆ ಅರ್ಧ ಶತಮಾನದ ಜಗಳವಿದೆ.

ಕೆರೆಯನ್ನು ರಸ್ತೆ ಮಾಡಿಕೊಂಡವರಲ್ಲಿ ಮೋಟಾರಿನವರು ಮೊದಲಿಗರಲ್ಲ. ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಹಿಮಪಾದುಕೆ ಕಟ್ಟಿಕೊಂಡು, ನಾಯಿಗಳಿಂದ ಸ್ಲೆಡ್ ಎಳೆಸಿಕೊಂಡು ಈ ದಾರಿಗಳಲ್ಲಿ ಓಡಾಡಿದರು. ಆಮೇಲೆ ಬಂದ ಮರದ ಕಂಪನಿಗಳಿಗೆ ಚಳಿಗಾಲವೇ ಸುಗ್ಗಿ. ರಾತ್ರಿ ಹೊತ್ತು ದಾರಿಯ ಮೇಲೆ ನೀರು ಚಿಮುಕಿಸಿ ಗಾಜಿನಂತೆ ಗಟ್ಟಿ ಮಾಡಿ, ಬೆಳಗಾದರೆ ಕುದುರೆಗಳಿಂದ ದಿಮ್ಮಿಯ ಹೊರೆ ಎಳೆಸುತ್ತಿದ್ದರು. ಇಲ್ಲಿನ ಬಿಳಿ ಪೈನ್ ಕಾಡನ್ನು ಬೋಳಿಸಿದ ದೊಡ್ಡ ಕಂಪನಿ 1929ರಲ್ಲಿ ಗಿರಣಿ ಮುಚ್ಚಿ ಹೋಯಿತು. ಐಸ್ ಮೇಲೆ ನಡೆದಾಡುವ ಅಭ್ಯಾಸ ಮಾತ್ರ ಜನರ ಹತ್ತಿರ ಉಳಿಯಿತು.

ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ಯಂತ್ರ ಹುಟ್ಟಿದ್ದು ಬೇರೆ ಬೇರೆ ಕೊಟ್ಟಿಗೆಗಳಲ್ಲಿ. ವಿಸ್ಕಾನ್ಸಿನ್‌ನ ಸೇನರ್ ಎಂಬ ಹಳ್ಳಿಯಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲಿ ಟೊಬಾಗನ್ ಎಂಬ ಮರದ ಜಾರುಬಂಡಿಗೆ ಎಂಜಿನ್ ಕೂರಿಸಿದ. ಕ್ವಿಬೆಕ್‌ನ ವಾಲ್ಕೂರ್‌ನಲ್ಲಿ ಜೋಸೆಫ್ ಅರ್ಮಾಂ ಬಂಬಾರ್ಡಿಯೆ ಎಂಬ ಮೆಕ್ಯಾನಿಕ್ ಹಿಮದ ಗಾಡಿಯ ಪ್ರಯೋಗದಲ್ಲಿದ್ದಾಗಲೇ, 1934ರ ಚಳಿಗಾಲದಲ್ಲಿ, ಅವನ ಎರಡು ವರ್ಷದ ಮಗ ಅಪೆಂಡಿಸೈಟಿಸ್‌ನಿಂದ ತೀರಿಕೊಂಡ. ರಸ್ತೆಗಳೆಲ್ಲ ಹಿಮದಲ್ಲಿ ಹೂತಿದ್ದವು, ಆಸ್ಪತ್ರೆಗೆ ಒಯ್ಯುವ ದಾರಿಯಿರಲಿಲ್ಲ. ಮೋಜಿನ ಗಾಡಿಯೆಂದು ಇಂದು ಬೈಸಿಕೊಳ್ಳುವ ಯಂತ್ರದ ವಂಶಾವಳಿಯಲ್ಲಿ ಈ ಮಗುವೂ ಇದೆ ಎಂಬುದನ್ನು ನಾನು ಮರೆಯಲಾರೆ. ಬಂಬಾರ್ಡಿಯೆಯ ಸ್ಕೀ-ಡೂ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಮಿನೆಸೋಟದ ರೋಸೋ ಪಟ್ಟಣದ ಪೊಲಾರಿಸ್‌ನವರು ಅಷ್ಟರಲ್ಲಾಗಲೇ ತಮ್ಮದನ್ನು ತಯಾರಿಸುತ್ತಿದ್ದರು. 1971ರ ಹೊತ್ತಿಗೆ ಉತ್ತರ ಅಮೆರಿಕದಲ್ಲಿ ವರ್ಷಕ್ಕೆ ಐದು ಲಕ್ಷಕ್ಕೆ ಹತ್ತಿರ ಸ್ನೋಮೊಬೈಲ್ ಮಾರಾಟವಾಗುತ್ತಿದ್ದವು. ಇಲ್ಲಿಯವರ ಬಾಯಲ್ಲಿ ಅದು ಬರೀ ‘ಸ್ಲೆಡ್’.

ಅದೇ 1971ರ ಜನವರಿಯಲ್ಲಿ ವಾಯಜರ್ಸ್ ರಾಷ್ಟ್ರೀಯ ಉದ್ಯಾನದ ಕಾಯ್ದೆಗೆ ಅಧ್ಯಕ್ಷ ನಿಕ್ಸನ್ ಸಹಿ ಬಿತ್ತು. ಕೆನಡಾ ಗಡಿಗೆ ಆತುಕೊಂಡಿರುವ ರೇನಿ, ಕ್ಯಾಬೆಟೋಗಮ, ನಮಕನ್, ಸ್ಯಾಂಡ್ ಪಾಯಿಂಟ್ ಕೆರೆಗಳು, ಐನೂರಕ್ಕೂ ಹೆಚ್ಚು ದ್ವೀಪಗಳು. ಸುಮಾರು 2,18,000 ಎಕರೆಯಲ್ಲಿ ಐದರಲ್ಲಿ ಎರಡು ಪಾಲು ನೀರೇ. ಮಾಜಿ ರಾಜ್ಯಪಾಲ ಎಲ್ಮರ್ ಆ್ಯಂಡರ್ಸನ್ ಈ ಉದ್ಯಾನಕ್ಕಾಗಿ ವರ್ಷಗಟ್ಟಲೆ ಊರೂರು ತಿರುಗಿದವರು. ಸ್ಥಳೀಯರ ವಿರೋಧ ಸಣ್ಣದಾಗಿರಲಿಲ್ಲ. ಬೇಟೆ ಹೋಗುತ್ತದೆ, ಕ್ಯಾಬಿನ್ ಹೋಗುತ್ತದೆ, ಇನ್ನು ಸ್ಲೆಡ್ಡೂ ಹೋದರೆ ನಮಗೆ ಉಳಿಯುವುದೇನು ಎಂಬ ಲೆಕ್ಕ. ಕೊನೆಗೆ ಕಾಯ್ದೆಯೊಳಗೇ ಒಂದು ವಾಕ್ಯ ಸೇರಿತು: ಉದ್ಯಾನದ ಯೋಜನೆಯಲ್ಲಿ ಸ್ನೋಮೊಬೈಲ್ ಸೇರಿದಂತೆ ಚಳಿಗಾಲದ ಆಟಗಳಿಗೆ ಅವಕಾಶ ಮಾಡಬಹುದು. ‘ಮಾಡಲೇಬೇಕು’ ಎಂದಲ್ಲ, ‘ಮಾಡಬಹುದು’. ಆದರೂ ಜನ್ಮಪತ್ರದಲ್ಲಿ ಹೆಸರು ಬಿತ್ತಲ್ಲ, ಮುಂದಿನ ಮೂವತ್ತು ವರ್ಷ ಸ್ಲೆಡ್ಡನ್ನು ಕಾಪಾಡಿದ್ದು ಆ ಒಂದು ವಾಕ್ಯವೇ.

ಮಾರನೆಯ ವರ್ಷ, 1972ರ ಫೆಬ್ರವರಿಯಲ್ಲಿ, ನಿಕ್ಸನ್‌ರದೇ ಕಾರ್ಯಾದೇಶವೊಂದು ಬಂತು, ಸಂಖ್ಯೆ 11644. ನೆಲ, ನೀರು, ಮರಳು, ಹಿಮ, ಐಸ್, ಜೌಗು ಯಾವುದರ ಮೇಲೇ ಓಡುವ ಮೋಟಾರು ಗಾಡಿಯಾಗಲಿ, ಸರ್ಕಾರಿ ಭೂಮಿಯಲ್ಲಿ ಅದು ಎಲ್ಲಿ ಓಡಬೇಕು, ಎಲ್ಲಿ ಓಡಬಾರದು ಎಂದು ಇಲಾಖೆಗಳು ಗೆರೆ ಎಳೆಯಬೇಕು ಎಂದು ಅದು ಹೇಳಿತು. ಗೆರೆ ಎಳೆಯಲು ಹೊರಟಾಗಲೇ ನಿಜವಾದ ತಕರಾರು ಶುರುವಾದದ್ದು. ಉದ್ಯಾನ ಕೇಂದ್ರ ಸರ್ಕಾರದ್ದು ಸರಿ. ಕೆರೆ ಯಾರದು?

ಕೆರೆಯ ನೀರು, ತಳ ಎಲ್ಲ ರಾಜ್ಯದ್ದು ಎಂಬುದು ಮಿನೆಸೋಟದವರ ನಂಬಿಕೆ. ವಾಯಜರ್ಸ್‌ನ ಒಂದು ಕೊಲ್ಲಿಯಲ್ಲಿ ಬಾತುಕೋಳಿ ಬೇಟೆಗೆ ಹೋದವನೊಬ್ಬ ರೇಂಜರ್‌ಗಳ ಕೈಗೆ ಸಿಕ್ಕಿ, ಇದು ರಾಜ್ಯದ ನೀರು, ನಿಮಗೇನು ಅಧಿಕಾರ ಎಂದು ವಾದಿಸಿದ. ಎಂಟನೇ ವೃತ್ತದ ಮೇಲ್ಮನವಿ ನ್ಯಾಯಾಲಯ 1977ರಲ್ಲಿ ಅವನ ವಾದವನ್ನು ತಳ್ಳಿಹಾಕಿತು. ನೀರು ಯಾರದೇ ಆಗಿರಲಿ, ಸುತ್ತಲಿನ ಉದ್ಯಾನವನ್ನು ಉಳಿಸಿಕೊಳ್ಳಲು ಬೇಕಾದ ನಿಯಮವನ್ನು ಕೇಂದ್ರ ಮಾಡಬಹುದು ಎಂಬುದು ತೀರ್ಪಿನ ಸಾರ. ಪೂರ್ವಕ್ಕಿರುವ ಬೌಂಡರಿ ವಾಟರ್ಸ್ ದೋಣಿ ಪ್ರದೇಶದಲ್ಲಿ ಜಗಳ ಇನ್ನೂ ಖಾರವಾಗಿತ್ತು. ಮೋಟಾರು ಬೇಡ ಎಂದ ಲೇಖಕ ಸಿಗರ್ಡ್ ಓಲ್ಸನ್ ಅವರ ಪ್ರತಿಕೃತಿಯನ್ನು 1977ರ ಜುಲೈಯಲ್ಲಿ ಅವರ ಸ್ವಂತ ಊರು ಈಲೀಯಲ್ಲೇ ನೇಣಿಗೆ ಹಾಕಿದರು. ವಾಯಜರ್ಸ್ ಎಂಬ ಹೆಸರನ್ನು ಸೂಚಿಸಿದವರೂ ಅವರೇ. 1978ರ ಕಾಯ್ದೆ ಆ ಪ್ರದೇಶದಿಂದ ಸ್ನೋಮೊಬೈಲ್‌ಗಳನ್ನು ಹೊರಗೆ ಹಾಕಿ, ಕೆನಡಾಕ್ಕೆ ದಾಟುವ ಎರಡು ಪುಟ್ಟ ದಾರಿಗಳನ್ನು ಮಾತ್ರ ಉಳಿಸಿತು. ರಾಜ್ಯ ಸರ್ಕಾರವೇ ಕೋರ್ಟಿಗೆ ಹೋಗಿ 1981ರಲ್ಲಿ ಸೋತಿತು.

ಜಗಳಗಳಲ್ಲಿ ಹೀಗೆ ಪಳಗಿದ ಕೇಂದ್ರ ಸರ್ಕಾರ 1983ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಉದ್ಯಾನಗಳ ನಿಯಮಾವಳಿಯಲ್ಲಿ ನನಗೆ ಬಹಳ ಹಿಡಿಸುವ ಸಾಲೊಂದಿದೆ. ಸ್ನೋಮೊಬೈಲ್ ಎಲ್ಲೆಡೆ ನಿಷಿದ್ಧ. ಬೇರೆ ಋತುಗಳಲ್ಲಿ ಮೋಟಾರು ಗಾಡಿ ಓಡುವ ದಾರಿ, ಮೋಟಾರು ದೋಣಿ ಓಡುವ ನೀರು, ಇವುಗಳಲ್ಲಿ ಗೊತ್ತುಪಡಿಸಿದ ಕಡೆ ಮಾತ್ರ ಬಿಡಬಹುದು. ಹೆಪ್ಪುಗಟ್ಟಿದ ಕೆರೆ ನೆಲವೋ ನೀರೋ ಎಂಬ ತರ್ಕಕ್ಕೇ ಕೈ ಹಾಕದೆ, ಚಳಿಗಾಲದ ಹಕ್ಕನ್ನು ಬೇಸಿಗೆಯ ಅಭ್ಯಾಸಕ್ಕೆ ಕಟ್ಟಿಹಾಕಿದ್ದಾರೆ. ಜಾಣ ಗುಮಾಸ್ತರ ಕೆಲಸ ಇದು. ಉಳಿದದ್ದು ಲೆಕ್ಕ: ಗಂಟೆಗೆ 45 ಮೈಲಿ ಮೀರಬಾರದು, ಪಂದ್ಯ ಕಟ್ಟಬಾರದು, 1975ರ ಜುಲೈ ನಂತರ ತಯಾರಾದ ಗಾಡಿಯ ಸದ್ದು 50 ಅಡಿ ದೂರದಲ್ಲಿ 78 ಡೆಸಿಬಲ್ ದಾಟಬಾರದು. ಐಸ್ ಎಷ್ಟು ದಪ್ಪವಿರಬೇಕೆಂದು ಈ ನಿಯಮ ಹೇಳುವುದಿಲ್ಲ. ಅದು ರಾಜ್ಯದ ಇಲಾಖೆಯ ಸಲಹೆ: ನಡೆಯಲು 4 ಇಂಚು, ಸ್ಲೆಡ್ ಅಥವಾ ಸಣ್ಣ ಎಟಿವಿಗೆ (ಎಂಥ ನೆಲದಲ್ಲೂ ಓಡುವ ದಪ್ಪ ಗಾಲಿಯ ಗಾಡಿ) 5ರಿಂದ 7.

ತೋಳ ಮತ್ತು ಬೋಳು ಹದ್ದಿನ ಸಲುವಾಗಿ 1992ರಲ್ಲಿ ವಾಯಜರ್ಸ್‌ನ ಹಲವು ಕೊಲ್ಲಿಗಳನ್ನು ಸ್ನೋಮೊಬೈಲ್‌ಗೆ ಮುಚ್ಚಿದಾಗ ಸವಾರರ ಸಂಘ ಮೊಕದ್ದಮೆ ಹೂಡಿತು. ಕೆಳಗಿನ ಕೋರ್ಟಿನಲ್ಲಿ ಗೆದ್ದರು, 1997ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತರು. ಕಾಯ್ದೆಯ ಆ ‘ಬಹುದು’ ಎಷ್ಟು ದೂರ ಎಳೆಯುತ್ತದೆ ಎಂಬುದು ಆಗ ಗೊತ್ತಾಯಿತು. ಕೆರೆ ಕೊಡುತ್ತದೆ, ಪ್ರತಿ ಮೂಲೆಯನ್ನೂ ಕೊಡುವುದಿಲ್ಲ. ಆದರೆ 2000ದ ಏಪ್ರಿಲ್‌ನಲ್ಲಿ ಬಹುತೇಕ ಉದ್ಯಾನಗಳಿಂದ ಸ್ನೋಮೊಬೈಲ್ ತೆಗೆಯುತ್ತೇವೆಂದು ಸರ್ಕಾರ ಘೋಷಿಸಿದಾಗ ಅಲಾಸ್ಕದ ಉದ್ಯಾನಗಳ ಜೊತೆ ವಾಯಜರ್ಸ್ ಕೂಡ ಪಾರಾಯಿತು. ಇನ್ನು ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್ ಉದ್ಯಾನದವರು ಜಾಕ್ಸನ್ ಕೆರೆಗೆ ಬರೆದ ನಿಯಮ ಓದಿದರೆ ನಗು ಬರುತ್ತದೆ. ಐಸ್ ಮೇಲೆ ಸ್ನೋಮೊಬೈಲ್ ತರಬಹುದು, ಮೀನು ಹಿಡಿಯಲು ಮಾತ್ರ. ಲೈಸೆನ್ಸ್ ಜೊತೆಗೆ ಗಾಳದ ಸಾಮಾನೂ ಇರಬೇಕು.

ನನ್ನ ಮೇಜಿನ ಮುಂದೆ ಹೆಚ್ಚು ಸಿಡುಕುವವರು ಎಟಿವಿಯವರು. ಅವರ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವಿದೆ ಅನ್ನಿಸುತ್ತದೆ. ಹೋಂಡಾದ ಮೂರು ಗಾಲಿಯದು ಅಮೆರಿಕಕ್ಕೆ ಬಂದದ್ದು 1970ರಲ್ಲಿ, ನಾಲ್ಕು ಗಾಲಿಯದು ಎಂಬತ್ತರ ದಶಕದಲ್ಲಿ. ವಾಯಜರ್ಸ್ ಕಾಯ್ದೆ ಬರೆಯುವಾಗ ಅದರ ಪರವಾಗಿ ಹಟ ಹಿಡಿಯಲು ಊರಿನಲ್ಲಿ ಒಬ್ಬನೂ ಇರಲಿಲ್ಲ. ನಿಯಮಾವಳಿಯ ಪ್ರಕಾರ ಸ್ನೋಮೊಬೈಲ್ ‘ಮೋಟಾರು ವಾಹನ’ ಅಲ್ಲ, ಅದಕ್ಕೆ ಬೇರೆಯೇ ಕಲಮು. ಎಟಿವಿ ಮಾತ್ರ ಕಾರು, ಟ್ರಕ್ಕುಗಳ ಸಾಲಿನಲ್ಲಿ ನಿಂತು ಪಾರ್ಕಿನ ರಸ್ತೆಗೆ ಅಂಟಿಕೊಳ್ಳಬೇಕು. ರಸ್ತೆ ಬಿಟ್ಟು ಓಡುವ ದಾರಿಗಳನ್ನು ಸಾಮಾನ್ಯ ನಿಯಮದಡಿ ಗೊತ್ತುಪಡಿಸಲು ಬರುವುದು ವಿಹಾರ ಪ್ರದೇಶ, ಕಡಲತೀರ, ಕೆರೆತೀರ, ಸಂರಕ್ಷಿತ ಪ್ರದೇಶ (ಪ್ರಿಸರ್ವ್) ಎಂಬ ನಾಲ್ಕು ಬಗೆಯ ಜಾಗಗಳಲ್ಲಿ ಮಾತ್ರ. ಉದ್ಯಾನ, ಬೌಂಡರಿ ವಾಟರ್ಸ್ ಎರಡರ ಹೊರಗಿನ ಹೆಚ್ಚಿನ ಕೆರೆಗಳಲ್ಲಿ ರಾಜ್ಯದ ನೋಂದಣಿಯಿದ್ದರೆ ಎಟಿವಿ ಆರಾಮಾಗಿ ಓಡುತ್ತದೆ.

ಕಳೆದ ಚಳಿಗಾಲದಲ್ಲಿ ಒಬ್ಬರು ಫೋನಿನಲ್ಲಿ ಫೋಟೋ ತೋರಿಸಿದರು: ಎಟಿವಿಯ ನಾಲ್ಕೂ ಗಾಲಿ ಬಿಚ್ಚಿ ನಾಲ್ಕು ರಬ್ಬರ್ ಟ್ರ್ಯಾಕ್ ಹಾಕಿಸಿದ್ದರು. “ಈಗ ಇದು ಸ್ಲೆಡ್ ತಾನೇ?” ನಿಯಮಾವಳಿ ತೆರೆದು ಸ್ನೋಮೊಬೈಲ್‌ನ ವ್ಯಾಖ್ಯೆ ತೋರಿಸಿದೆ. ತೂಕ 1,000 ಪೌಂಡ್ ಮೀರಬಾರದು, ಟ್ರ್ಯಾಕಿನಿಂದ ಓಡಬೇಕು, ಸ್ಕೀಯಿಂದ ತಿರುಗಬೇಕು. ಅವರು ಎರಡು ಸಲ ಓದಿ, ಮುಂದಕ್ಕೆ ಸ್ಕೀ ಹಾಕಿಸಲು ಎಷ್ಟಾಗಬಹುದೆಂದು ನನ್ನನ್ನೇ ಕೇಳಿದರು.